ಪ್ರಯೋಗಾಲಯ ಸಂಶೋಧನೆಗಾಗಿ ಪುನಃಸಂಯೋಜಿತ ಮಾನವ ಹಿಸ್ಟೋನ್ ಪ್ರೋಟೀನುಗಳು: ಅರ್ಜಿದಾರರಿಗೆ ಹಾಗೂ ಸಾರ್ವಜನಿಕರಿಗೆ ಮಾಹಿತಿ

ಪೀಠಿಕೆ

ಜೈವಿಕ ತಂತ್ರಜ್ಞಾನ ಪ್ರಯೋಗಾಲಯಗಳ ಸಾಮಗ್ರಿ ನೆರವಿಗಾಗಿ ಸಲ್ಲಿಕೆಯಾಗುವ ಅರ್ಜಿಗಳಲ್ಲಿ "ಮಾನವ ಹಿಸ್ಟೋನ್ ಪ್ರೋಟೀನ್, ರೀಕಾಂಬಿನೆಂಟ್, ಸಂಖ್ಯೆ 1" ಎಂಬ ಒಂದೇ ಸಾಲಿನ ಬೇಡಿಕೆ ಆಗಾಗ್ಗೆ ಕಂಡುಬರುತ್ತದೆ. ಔಷಧದ ಅಂಗಡಿಗೆ ಹೋಗಿ "ಮಾತ್ರೆ, ಸಂಖ್ಯೆ 1" ಎಂದು ಕೇಳಿದಂತೆ ಇದು. ಯಾವ ಹಿಸ್ಟೋನ್, ಯಾವ ರೂಪದಲ್ಲಿ, ಯಾವ ಪ್ರಯೋಗಕ್ಕೆ ಎಂಬುದು ತಿಳಿಯದ ಕಾರಣ ಅಂತಹ ಅರ್ಜಿಯನ್ನು ವಿವರಣೆ ಕೋರಿ ಹಿಂದಿರುಗಿಸಬೇಕಾಗುತ್ತದೆ. ಮತ್ತೊಂದೆಡೆ, ಶುದ್ಧ ಪ್ರೋಟೀನನ್ನು ಮಾತ್ರ ಖರೀದಿಸಲು ಬಯಸುವ ಕೆಲವರು "ರೀಕಾಂಬಿನೆಂಟ್" ಎಂಬ ಪದವನ್ನು ಕಂಡೊಡನೆ, ತಮಗೆ ಅಗತ್ಯವಿಲ್ಲದ ಅನುಮತಿಗಾಗಿ ತಿಂಗಳುಗಟ್ಟಲೆ ಕಾಯುತ್ತಾರೆ. ತಳಿ ಮಾರ್ಪಡಿಸಿದ ಬ್ಯಾಕ್ಟೀರಿಯಾವನ್ನು ತಮ್ಮಲ್ಲಿಯೇ ಬೆಳೆಸಲು ಹೊರಟ ಇನ್ನು ಕೆಲವರು ಅಗತ್ಯವಿರುವ ಅನುಮತಿಯನ್ನೂ ಪಡೆದಿರುವುದಿಲ್ಲ. ಇವೆರಡರಿಂದಲೂ ಸಂಶೋಧನಾ ವಿದ್ಯಾರ್ಥಿಯ ಒಂದು ವರ್ಷವೇ ಹಾಳಾಗುವ ಸಂಭವವಿದೆ.

ಆದುದರಿಂದ ಕಾಲೇಜುಗಳು, ಸಂಶೋಧನಾ ವಿದ್ಯಾರ್ಥಿಗಳು, ನವೋದ್ಯಮಗಳು ಹಾಗೂ ಆಸಕ್ತ ಸಾರ್ವಜನಿಕರ ತಿಳುವಳಿಕೆಗಾಗಿ ಈ ಪ್ರೋಟೀನುಗಳ ಸ್ವರೂಪ, ಆಯ್ಕೆ, ಅನುಮತಿ ಮತ್ತು ಖರೀದಿಗೆ ಸಂಬಂಧಿಸಿದ ಮಾಹಿತಿಯನ್ನು ಇಲ್ಲಿ ನೀಡಲಾಗಿದೆ.

ಹಿಸ್ಟೋನ್ ಎಂದರೇನು?

ಮಾನವನ ಒಂದೊಂದು ಜೀವಕೋಶದಲ್ಲಿಯೂ ಸುಮಾರು 2 ಮೀಟರ್ ಉದ್ದದ ಡಿಎನ್‌ಎ ಎಳೆಯಿರುತ್ತದೆ. ಕಣ್ಣಿಗೆ ಕಾಣದಷ್ಟು ಚಿಕ್ಕದಾದ ಕೋಶಕೇಂದ್ರದೊಳಗೆ ಅದು ಅಡಕವಾಗಬೇಕಾದರೆ ಅಚ್ಚುಕಟ್ಟಾಗಿ ಸುತ್ತಿಡಬೇಕಾಗುತ್ತದೆ. ನೂಲನ್ನು ಉಂಡೆಗೆ ಸುತ್ತಿದಂತೆ ಡಿಎನ್‌ಎಯನ್ನು ಸುತ್ತಿಕೊಳ್ಳುವ ಪ್ರೋಟೀನುಗಳೇ ಹಿಸ್ಟೋನುಗಳು. ಡಿಎನ್‌ಎ ಋಣ ವಿದ್ಯುದಾವೇಶವನ್ನು ಹೊಂದಿದ್ದು, ಹಿಸ್ಟೋನುಗಳಲ್ಲಿ ಲೈಸಿನ್ ಮತ್ತು ಆರ್ಜಿನಿನ್ ಎಂಬ ಧನ ಆವೇಶದ ಅಮೈನೋ ಆಮ್ಲಗಳು ಹೇರಳವಾಗಿರುವುದರಿಂದ ಇವೆರಡೂ ಪರಸ್ಪರ ಬಿಗಿಯಾಗಿ ಅಂಟಿಕೊಳ್ಳುತ್ತವೆ.

ಈ ಪ್ರೋಟೀನುಗಳನ್ನು 1884ರಲ್ಲಿ ಜರ್ಮನಿಯ ಆಲ್ಬ್ರೆಕ್ಟ್ ಕೊಸೆಲ್ ಅವರು ಹೆಬ್ಬಾತಿನ ರಕ್ತಕಣಗಳಿಂದ ಮೊದಲಿಗೆ ಬೇರ್ಪಡಿಸಿದರು. ಅವರಿಗೆ 1910ರಲ್ಲಿ ವೈದ್ಯಕೀಯ ವಿಭಾಗದ ನೊಬೆಲ್ ಪ್ರಶಸ್ತಿ ದೊರೆಯಿತು. ಹಿಸ್ಟೋನುಗಳಲ್ಲಿ ಐದು ಮುಖ್ಯ ವರ್ಗಗಳಿವೆ: ಎಚ್1, ಎಚ್2ಎ, ಎಚ್2ಬಿ, ಎಚ್3 ಮತ್ತು ಎಚ್4. ಕೊನೆಯ ನಾಲ್ಕು ವರ್ಗಗಳಿಂದ ತಲಾ ಎರಡರಂತೆ ಎಂಟು ಪ್ರೋಟೀನುಗಳು ಸೇರಿ ಒಂದು ಉಂಡೆಯಾಗುತ್ತದೆ. ಇದಕ್ಕೆ ಅಷ್ಟಕ ಅಥವಾ ಆಕ್ಟಮರ್ ಎಂದು ಹೆಸರು. ಅದರ ಸುತ್ತ ಸುಮಾರು 147 ಜೋಡಿ ಅಕ್ಷರಗಳಷ್ಟು ಡಿಎನ್‌ಎ ಒಂದೂವರೆ ಸುತ್ತಿಗಿಂತ ತುಸು ಹೆಚ್ಚಾಗಿ ಸುತ್ತಿಕೊಂಡಾಗ ದೊರೆಯುವ ಘಟಕವೇ ನ್ಯೂಕ್ಲಿಯೋಸೋಮ್. ಈ ರಚನೆಯ ಮಾದರಿಯನ್ನು 1974ರಲ್ಲಿ ರೋಜರ್ ಕಾರ್ನ್‌ಬರ್ಗ್ ಅವರು ಮುಂದಿಟ್ಟರು. ಎಚ್1 ಈ ಉಂಡೆಯೊಳಗೆ ಸೇರದೆ, ಹೊರಗಿನಿಂದ ಡಿಎನ್‌ಎಗೆ ಕೊಂಡಿ ಹಾಕುತ್ತದೆ.

ಹಿಸ್ಟೋನುಗಳು ಕೇವಲ ಉಂಡೆಗಳಾಗಿದ್ದಲ್ಲಿ ಅವುಗಳಿಗೆ ಇಷ್ಟು ಬೇಡಿಕೆ ಇರುತ್ತಿರಲಿಲ್ಲ. ಪ್ರತಿ ಹಿಸ್ಟೋನಿನಿಂದಲೂ ಬಾಲದಂತಹ ಭಾಗವು ಹೊರಕ್ಕೆ ಚಾಚಿಕೊಂಡಿರುತ್ತದೆ. ಆ ಬಾಲದ ನಿರ್ದಿಷ್ಟ ಸ್ಥಾನಗಳಲ್ಲಿ ಕೋಶದ ಕಿಣ್ವಗಳು ಅಸಿಟೈಲ್, ಮೀಥೈಲ್, ಫಾಸ್ಫೇಟ್ ಮುಂತಾದ ರಾಸಾಯನಿಕ ಗುರುತುಗಳನ್ನು ಹಾಕುತ್ತವೆ, ಬೇರೆ ಕಿಣ್ವಗಳು ಅಳಿಸುತ್ತವೆ. ಯಾವ ವಂಶವಾಹಿ ಕೆಲಸ ಮಾಡಬೇಕು, ಯಾವುದು ಸುಮ್ಮನಿರಬೇಕು ಎಂಬುದರಲ್ಲಿ ಈ ಗುರುತುಗಳ ಪಾತ್ರ ದೊಡ್ಡದು. ಅಸಿಟೈಲ್ ಗುರುತಿಗೂ ವಂಶವಾಹಿಯ ಚಟುವಟಿಕೆಗೂ ಸಂಬಂಧವಿರುವುದನ್ನು 1964ರಲ್ಲಿಯೇ ವಿನ್ಸೆಂಟ್ ಆಲ್ಫ್ರಿ ಮತ್ತು ಸಹೋದ್ಯೋಗಿಗಳು ಸೂಚಿಸಿದ್ದರು. ಗುರುತು ಹಾಕುವ ಅಥವಾ ಅಳಿಸುವ ವ್ಯವಸ್ಥೆ ಹದಗೆಟ್ಟಾಗ ಕೆಲವು ವಿಧದ ಕ್ಯಾನ್ಸರ್ ಉಂಟಾಗುವುದು ಈಗ ದೃಢಪಟ್ಟಿದೆ. ಈ ಕಾರಣದಿಂದಲೇ ಔಷಧ ಸಂಶೋಧನೆಯಲ್ಲಿ ಹಿಸ್ಟೋನುಗಳ ಬಳಕೆ ಹೆಚ್ಚಾಗಿದೆ.

ನಮ್ಮ ರಾಜ್ಯಕ್ಕೂ ಈ ವಿಷಯ ಹೊಸದಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿಯೂ, ನಂತರ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿಯೂ ಕಾರ್ಯನಿರ್ವಹಿಸಿ 2023ರಲ್ಲಿ ನಿಧನರಾದ ಪ್ರೊ. ಎಂ.ಆರ್.ಎಸ್. ರಾವ್ ಅವರು ವೃಷಣದಲ್ಲಿ ಕಂಡುಬರುವ ವಿಶೇಷ ಹಿಸ್ಟೋನುಗಳ ಬಗ್ಗೆ ದೀರ್ಘಕಾಲ ಸಂಶೋಧನೆ ನಡೆಸಿದ್ದರು. ಅದೇ ಕೇಂದ್ರದಲ್ಲಿ ತಪಸ್ ಕುಂದು ಅವರ ತಂಡವು, ಹಿಸ್ಟೋನುಗಳಿಗೆ ಅಸಿಟೈಲ್ ಗುರುತು ಹಾಕುವ ಪಿ300 ಎಂಬ ಕಿಣ್ವವನ್ನು ಗೇರುಬೀಜದ ಸಿಪ್ಪೆಯ ಎಣ್ಣೆಯಲ್ಲಿರುವ ಅನಾಕಾರ್ಡಿಕ್ ಆಮ್ಲವು ತಡೆಯುವುದನ್ನು 2003ರಲ್ಲಿಯೂ, ಮುರುಗಲು ಅಥವಾ ಪುನರ್ಪುಳಿ ಹಣ್ಣಿನಲ್ಲಿರುವ ಗಾರ್ಸಿನಾಲ್ ತಡೆಯುವುದನ್ನು 2004ರಲ್ಲಿಯೂ ಪ್ರಕಟಿಸಿತು. ಕರಾವಳಿ ಮತ್ತು ಮಲೆನಾಡಿನ ಸಸ್ಯಗಳಲ್ಲಿ ಇಂತಹ ಗುಣವನ್ನು ಪರೀಕ್ಷಿಸಲು ಹೊರಡುವ ಯಾವ ಕಾಲೇಜಿಗೇ ಆಗಲಿ, ಮೊದಲು ಬೇಕಾಗುವ ವಸ್ತು ಹಿಸ್ಟೋನ್.

"ಮಾನವ" ಮತ್ತು "ರೀಕಾಂಬಿನೆಂಟ್" ಪದಗಳ ಅರ್ಥ

"ಮಾನವ ಹಿಸ್ಟೋನ್" ಎಂಬುದನ್ನು ಮನುಷ್ಯರ ದೇಹದಿಂದ ತೆಗೆದ ವಸ್ತು ಎಂದು ಭಾವಿಸಿ ಆಕ್ಷೇಪಿಸುವವರಿದ್ದಾರೆ. ರೀಕಾಂಬಿನೆಂಟ್ ಅಥವಾ ಪುನಃಸಂಯೋಜಿತ ಹಿಸ್ಟೋನಿನ ವಿಷಯದಲ್ಲಿ ಈ ಭಾವನೆ ಸರಿಯಲ್ಲ. ಮಾನವನ ಹಿಸ್ಟೋನಿನ ಅಮೈನೋ ಆಮ್ಲಗಳ ಅನುಕ್ರಮವನ್ನು ಆಧರಿಸಿ ಅದರ ವಂಶವಾಹಿಯನ್ನು ಪ್ರಯೋಗಾಲಯದಲ್ಲಿ ಸಿದ್ಧಪಡಿಸಿ, ಸಾಮಾನ್ಯವಾಗಿ ಈ. ಕೋಲೈ ಬ್ಯಾಕ್ಟೀರಿಯಾದೊಳಗೆ ಸೇರಿಸಲಾಗುತ್ತದೆ. ಆ ಬ್ಯಾಕ್ಟೀರಿಯಾವು ಮಾನವ ಹಿಸ್ಟೋನನ್ನು ತಯಾರಿಸುತ್ತದೆ. ಯಾವ ವ್ಯಕ್ತಿಯ ರಕ್ತವನ್ನಾಗಲಿ ಅಂಗಾಂಶವನ್ನಾಗಲಿ ಇದಕ್ಕಾಗಿ ಪಡೆಯಲಾಗುವುದಿಲ್ಲ.

ಹಿಂದೆ ಹಿಸ್ಟೋನುಗಳನ್ನು ಎಳೆಗರುವಿನ ಥೈಮಸ್ ಗ್ರಂಥಿ, ಕೋಳಿಯ ರಕ್ತ ಅಥವಾ ಪ್ರಯೋಗಾಲಯದಲ್ಲಿ ಬೆಳೆಸಿದ ಮಾನವ ಕೋಶಗಳಿಂದ ಬೇರ್ಪಡಿಸಲಾಗುತ್ತಿತ್ತು. ಇಂದಿಗೂ ಅವು ಮಾರಾಟವಾಗುತ್ತಿದ್ದು, ಪೂರೈಕೆದಾರರ ಪಟ್ಟಿಗಳಲ್ಲಿ ರೀಕಾಂಬಿನೆಂಟ್ ಹಿಸ್ಟೋನುಗಳ ಪಕ್ಕದಲ್ಲಿಯೇ ಇರುತ್ತವೆ. ಬೆಲೆಯೂ ಸಾಮಾನ್ಯವಾಗಿ ಕಡಿಮೆ. ಅರ್ಜಿಯಲ್ಲಿ ಮೂಲವನ್ನು ನಮೂದಿಸದಿದ್ದಲ್ಲಿ, ಕಡಿಮೆ ದರದ ಆಧಾರದ ಮೇಲೆ ಎಳೆಗರುವಿನ ಹಿಸ್ಟೋನ್ ಸರಬರಾಜಾದರೂ ಪೂರೈಕೆದಾರರನ್ನು ದೂರುವಂತಿಲ್ಲ.

ತಯಾರಿಕೆಯ ಕ್ರಮವನ್ನು ಸಂಕ್ಷಿಪ್ತವಾಗಿ ಹೇಳುವುದಾದರೆ, ಬ್ಯಾಕ್ಟೀರಿಯಾದೊಳಗೆ ಹಿಸ್ಟೋನ್ ಹೆಚ್ಚಾಗಿ ಕರಗದ ಮುದ್ದೆಯಾಗಿ ಶೇಖರಗೊಳ್ಳುತ್ತದೆ. ಕೋಶವನ್ನು ಒಡೆದು, ಆ ಮುದ್ದೆಯನ್ನು ಗ್ವಾನಿಡಿನ್ ಅಥವಾ ಯೂರಿಯಾ ದ್ರಾವಣದಲ್ಲಿ ಕರಗಿಸಿ, ಅಯಾನು ವಿನಿಮಯ ಕಂಬದ ಮೂಲಕ ಹಾಯಿಸಿ ಶುದ್ಧೀಕರಿಸಿ, ನಂತರ ಒಣ ಪುಡಿಯಾಗಿಸಲಾಗುತ್ತದೆ. ನಾಲ್ಕು ಹಿಸ್ಟೋನುಗಳನ್ನು ಸಮಪ್ರಮಾಣದಲ್ಲಿ ಬೆರೆಸಿ, ಉಪ್ಪಿನ ಅಂಶ ಹೆಚ್ಚಿರುವ ದ್ರಾವಣಕ್ಕೆ ವರ್ಗಾಯಿಸಿದಾಗ ಅಷ್ಟಕ ತಾನಾಗಿ ಕೂಡಿಕೊಳ್ಳುತ್ತದೆ. ಡಿಎನ್‌ಎ ಸೇರಿಸಿ ಉಪ್ಪನ್ನು ಕ್ರಮೇಣ ಕಡಿಮೆ ಮಾಡಿದಲ್ಲಿ ನ್ಯೂಕ್ಲಿಯೋಸೋಮ್ ಸಿದ್ಧವಾಗುತ್ತದೆ. 1997ರಲ್ಲಿ ಕ್ಯಾರೊಲಿನ್ ಲ್ಯೂಗರ್, ಟಿಮೊಥಿ ರಿಚ್‌ಮಂಡ್ ಮತ್ತು ಸಂಗಡಿಗರು ನ್ಯೂಕ್ಲಿಯೋಸೋಮಿನ ಸೂಕ್ಷ್ಮ ರಚನೆಯನ್ನು ಪ್ರಕಟಿಸಿದ್ದು ಬ್ಯಾಕ್ಟೀರಿಯಾದಲ್ಲಿ ತಯಾರಿಸಿದ ಹಿಸ್ಟೋನುಗಳಿಂದಲೇ. ಅವು ಮಾನವನ ಹಿಸ್ಟೋನುಗಳಲ್ಲ, ಆಫ್ರಿಕಾದ ಜೆನೊಪಸ್ ಕಪ್ಪೆಯ ಹಿಸ್ಟೋನುಗಳು. ಹಿಸ್ಟೋನುಗಳು ವಿಕಾಸದ ಹಾದಿಯಲ್ಲಿ ಅತ್ಯಲ್ಪವಾಗಿ ಬದಲಾದ ಪ್ರೋಟೀನುಗಳಾದ್ದರಿಂದ ಇದು ಸಾಧ್ಯವಾಯಿತು. ಬಟಾಣಿ ಗಿಡದ ಎಚ್4 ಮತ್ತು ಹಸುವಿನ ಎಚ್4 ನಡುವೆ 102 ಅಮೈನೋ ಆಮ್ಲಗಳ ಪೈಕಿ ಕೇವಲ 2 ಭಿನ್ನವಾಗಿವೆ. ಹೀಗಿರುವಾಗ ಪ್ರತಿ ಪ್ರಯೋಗಕ್ಕೂ "ಮಾನವ" ಹಿಸ್ಟೋನೇ ಆಗಬೇಕೆ ಎಂಬುದನ್ನು ಅರ್ಜಿದಾರರು ಮಾರ್ಗದರ್ಶಕರೊಂದಿಗೆ ಚರ್ಚಿಸುವುದು ಒಳಿತು.

ರೀಕಾಂಬಿನೆಂಟ್ ಹಿಸ್ಟೋನಿನ ವಿಶೇಷ: ಗುರುತುಗಳಿಲ್ಲದಿರುವುದು

ಅರ್ಜಿದಾರರು ಗಮನಿಸಬೇಕಾದ ಪ್ರಮುಖ ಅಂಶ ಇದಾಗಿದೆ. ಪ್ರಾಣಿಯ ಅಂಗಾಂಶದಿಂದ ತೆಗೆದ ಹಿಸ್ಟೋನಿನ ಮೇಲೆ ಆ ಕೋಶವು ಹಾಕಿದ್ದ ಎಲ್ಲ ಗುರುತುಗಳೂ ಬೆರೆತು ಉಳಿದಿರುತ್ತವೆ. ಬ್ಯಾಕ್ಟೀರಿಯಾದಲ್ಲಿ ಹಿಸ್ಟೋನುಗಳಿಗೆ ಗುರುತು ಹಾಕುವ ಮಾನವ ಕಿಣ್ವಗಳಿಲ್ಲ. ಆದುದರಿಂದ ಅಲ್ಲಿ ತಯಾರಾದ ಹಿಸ್ಟೋನ್ ಆ ಗುರುತುಗಳಿಲ್ಲದೆ ದೊರೆಯುತ್ತದೆ. ಲೆಕ್ಕಪತ್ರದ ಭಾಷೆಯಲ್ಲಿ ಹೇಳುವುದಾದರೆ ಇದು ಆರಂಭಿಕ ಶಿಲ್ಕು ಶೂನ್ಯವಾಗಿರುವ ಖಾತೆ. ಪ್ರಯೋಗದ ಕೊನೆಯಲ್ಲಿ ಕಂಡುಬರುವ ಗುರುತನ್ನು ತಾವು ಸೇರಿಸಿದ ಕಿಣ್ವವೇ ಹಾಕಿದೆ ಎಂದು ನಿಶ್ಚಯವಾಗಿ ಹೇಳಬಹುದು. ಹಳೆಯ ಬಾಕಿಗಳಿರುವ ಖಾತೆಯಲ್ಲಿ ಇಂದಿನ ಜಮೆ ಯಾವುದು ಎಂದು ಹುಡುಕುವುದು ಕಷ್ಟ.

ಇದರ ಪ್ರಯೋಜನಕ್ಕೆ ಒಂದು ಉದಾಹರಣೆಯನ್ನು ನೀಡಬಹುದಾಗಿದೆ. ಎಚ್2ಬಿ ಮೇಲೆ ಯುಬಿಕ್ವಿಟಿನ್ ಎಂಬ ಗುರುತಿದ್ದಲ್ಲಿ ಎಚ್3ರ 79ನೆಯ ಲೈಸಿನ್ ಮೇಲೆ ಮೀಥೈಲ್ ಗುರುತೂ ಇರುವುದು ಕೋಶಗಳಲ್ಲಿ ಕಂಡುಬಂದಿತ್ತು. ಮೊದಲನೆಯದೇ ಎರಡನೆಯದನ್ನು ಉಂಟುಮಾಡುತ್ತದೆಯೆ, ಅಥವಾ ನಡುವೆ ಮತ್ತಾವುದೋ ಪ್ರೋಟೀನು ಇದೆಯೆ ಎಂಬುದನ್ನು ಸಾವಿರಾರು ಪ್ರೋಟೀನುಗಳು ಬೆರೆತಿರುವ ಕೋಶದಲ್ಲಿ ನಿರ್ಧರಿಸುವುದು ದುಸ್ತರ. ಅಮೆರಿಕದ ರಾಕ್‌ಫೆಲ್ಲರ್ ವಿಶ್ವವಿದ್ಯಾಲಯದಲ್ಲಿ ರಾಬರ್ಟ್ ಮೆಕ್‌ಗಿಂಟಿ, ಟಾಮ್ ಮ್ಯೂರ್ ಮತ್ತು ಸಂಗಡಿಗರು ರಾಸಾಯನಿಕ ವಿಧಾನದಿಂದ ಎಚ್2ಬಿಗೆ ಆ ಒಂದೇ ಗುರುತನ್ನು ಜೋಡಿಸಿ, ಉಳಿದ ಹಿಸ್ಟೋನುಗಳನ್ನು ಗುರುತಿಲ್ಲದಂತೆಯೇ ಇರಿಸಿ, ನ್ಯೂಕ್ಲಿಯೋಸೋಮ್ ಕಟ್ಟಿದರು. ಅದಕ್ಕೆ ಡಾಟ್1ಎಲ್ ಎಂಬ ಮಾನವ ಕಿಣ್ವವನ್ನು ಸೇರಿಸಿದಾಗ ಮೀಥೈಲ್ ಗುರುತು ಹಾಕುವ ಕಾರ್ಯ ನೇರವಾಗಿ ಚುರುಕುಗೊಂಡಿತು. 2008ರಲ್ಲಿ ಪ್ರಕಟವಾದ ಈ ತೀರ್ಮಾನಕ್ಕೆ ಗುರುತಿಲ್ಲದ ಹಿಸ್ಟೋನುಗಳೇ ಆಧಾರ.

ಪ್ರತಿಕಾಯಗಳ ಪರೀಕ್ಷೆಯಲ್ಲಿಯೂ ಇದೇ ಗುಣ ಉಪಯುಕ್ತ. ಒಂದು ನಿರ್ದಿಷ್ಟ ಗುರುತನ್ನು ಮಾತ್ರ ಹಿಡಿಯುತ್ತದೆ ಎಂದು ಮಾರಾಟವಾಗುವ ಪ್ರತಿಕಾಯವು ಗುರುತಿಲ್ಲದ ರೀಕಾಂಬಿನೆಂಟ್ ಹಿಸ್ಟೋನನ್ನೂ ಹಿಡಿದಲ್ಲಿ ಆ ಪ್ರತಿಕಾಯವನ್ನು ನಂಬುವಂತಿಲ್ಲ. ಸಾವಿರಾರು ರೂಪಾಯಿಗಳ ಪ್ರತಿಕಾಯವನ್ನು ಬಳಸುವ ಮುನ್ನ ಈ ಸಣ್ಣ ಪರೀಕ್ಷೆಯನ್ನು ನಡೆಸುವುದು ವೆಚ್ಚದ ದೃಷ್ಟಿಯಿಂದಲೂ ಸೂಕ್ತ.

ಆದರೆ ಎಲ್ಲ ರೀಕಾಂಬಿನೆಂಟ್ ಹಿಸ್ಟೋನುಗಳೂ ಗುರುತಿಲ್ಲದವು ಎಂದು ತಿಳಿಯಬಾರದು. ಕೀಟಗಳ ಕೋಶಗಳಲ್ಲಿ ಅಥವಾ ಮಾನವ ಕೋಶಸಾಲುಗಳಲ್ಲಿ ತಯಾರಿಸಿದವೂ ಇದೇ ಹೆಸರಿನಲ್ಲಿ ಲಭ್ಯವಿದ್ದು, ಅಲ್ಲಿನ ಕಿಣ್ವಗಳು ಗುರುತುಗಳನ್ನು ಹಾಕಿರುವ ಸಾಧ್ಯತೆಯಿದೆ. ಆದುದರಿಂದ ಯಾವ ಜೀವಿಯಲ್ಲಿ ತಯಾರಿಸಿದ್ದು ಎಂಬುದನ್ನು ಕಡ್ಡಾಯವಾಗಿ ನೋಡತಕ್ಕದ್ದು. ಇನ್ನು, ಬೇಕಾದ ಸ್ಥಾನದಲ್ಲಿ ಬೇಕಾದ ಗುರುತನ್ನು ಉದ್ದೇಶಪೂರ್ವಕವಾಗಿ ಜೋಡಿಸಿದ ಹಿಸ್ಟೋನುಗಳೂ ದೊರೆಯುತ್ತವೆ. ಅವುಗಳ ಬೆಲೆ ಬಹಳ ಹೆಚ್ಚು.

ಯಾವುದನ್ನು ಕೋರಬೇಕು?

ಒಂದೇ ವರ್ಗದೊಳಗೆ ಹಲವು ಪ್ರಭೇದಗಳಿವೆ. ಎಚ್3ರಲ್ಲಿ ಎಚ್3.1, ಎಚ್3.2, ಎಚ್3.3 ಮತ್ತು ವರ್ಣತಂತುಗಳ ಕೇಂದ್ರಭಾಗದಲ್ಲಿ ಕಂಡುಬರುವ ಸೆನ್ಪ್-ಎ ಇವೆ. ಎಚ್3.1 ಮತ್ತು ಎಚ್3.3 ನಡುವೆ ಕೇವಲ 5 ಅಮೈನೋ ಆಮ್ಲಗಳ ವ್ಯತ್ಯಾಸವಿದ್ದರೂ ಕೋಶದಲ್ಲಿ ಅವುಗಳ ಸ್ಥಾನ ಹಾಗೂ ಕೆಲಸ ಬೇರೆ. ಮಕ್ಕಳ ಮಿದುಳುಕಾಂಡದಲ್ಲಿ ಉಂಟಾಗುವ ಒಂದು ಮಾರಕ ಗಡ್ಡೆಯಲ್ಲಿ ಎಚ್3ರ 27ನೆಯ ಲೈಸಿನ್ ಬದಲಿಗೆ ಮೆಥಿಯೊನಿನ್ ಬಂದಿರುವುದು 2012ರಲ್ಲಿ ಪತ್ತೆಯಾಯಿತು. ಇದನ್ನು ಕೆ27ಎಂ ಎನ್ನುತ್ತಾರೆ. ಈ ದೋಷವನ್ನು ಅಭ್ಯಸಿಸುವವರು ದೋಷವಿರುವ ಹಿಸ್ಟೋನ್ ಮತ್ತು ದೋಷವಿಲ್ಲದ ಅದೇ ಪ್ರಭೇದದ ಹಿಸ್ಟೋನ್ ಎರಡನ್ನೂ ಕೋರಬೇಕು. ಎಚ್3.3 ದೋಷದೊಂದಿಗೆ ಎಚ್3.1 ಅನ್ನು ಹೋಲಿಸಿದಲ್ಲಿ ಫಲಿತಾಂಶ ವಿವಾದಕ್ಕೆ ಒಳಗಾಗುತ್ತದೆ.

ಇಲ್ಲಿ ಎಣಿಕೆಯ ಬಗ್ಗೆ ಒಂದು ಸೂಚನೆ. ಹಿಸ್ಟೋನ್ ಸಂಶೋಧಕರು ಆರಂಭದ ಮೆಥಿಯೊನಿನನ್ನು ಬಿಟ್ಟು ಎಣಿಸುತ್ತಾರೆ, ಏಕೆಂದರೆ ಕೋಶವು ಅದನ್ನು ಕತ್ತರಿಸಿ ತೆಗೆಯುತ್ತದೆ. ಆಸ್ಪತ್ರೆಗಳ ಆನುವಂಶಿಕ ಪರೀಕ್ಷಾ ವರದಿಗಳಲ್ಲಿ ಅದನ್ನೂ ಸೇರಿಸಿ ಎಣಿಸುವ ಪದ್ಧತಿಯಿರುವುದರಿಂದ ಅದೇ ದೋಷವು ಕೆ28ಎಂ ಎಂದು ನಮೂದಾಗಿರಬಹುದು. ಇವೆರಡೂ ಒಂದೇ. ಬೇಡಿಕೆ ಪಟ್ಟಿಯಲ್ಲಿ ಎರಡನ್ನೂ ಪ್ರತ್ಯೇಕ ವಸ್ತುಗಳೆಂದು ಬರೆಯುವ ಅವಶ್ಯಕತೆಯಿಲ್ಲ.

ಎರಡನೆಯದಾಗಿ, ರೂಪ. ಬಿಡಿ ಹಿಸ್ಟೋನ್, ಅಷ್ಟಕ, ನ್ಯೂಕ್ಲಿಯೋಸೋಮ್ ಈ ಮೂರೂ ಬೇರೆ ಬೇರೆ ಸರಕುಗಳು. ಕಿಣ್ವವು ಯಾವುದನ್ನು ಒಪ್ಪುತ್ತದೆ ಎಂಬುದರ ಮೇಲೆ ಆಯ್ಕೆ ಅವಲಂಬಿಸಿದೆ. ಮೇಲೆ ಹೇಳಿದ ಡಾಟ್1ಎಲ್ ನ್ಯೂಕ್ಲಿಯೋಸೋಮಿನ ಮೇಲೆಯೇ ಕೆಲಸ ಮಾಡುತ್ತದೆ. ಬಿಡಿ ಎಚ್3 ನೀಡಿದಲ್ಲಿ ಫಲ ದೊರೆಯುವುದಿಲ್ಲ. ಸೆಟ್7/9 ಎಂಬ ಕಿಣ್ವದ ವಿಷಯ ಇದಕ್ಕೆ ವಿರುದ್ಧ. ಅದು ಬಿಡಿ ಎಚ್3 ಮೇಲೆ ಚೆನ್ನಾಗಿ, ನ್ಯೂಕ್ಲಿಯೋಸೋಮಿನ ಮೇಲೆ ಬಹಳ ದುರ್ಬಲವಾಗಿ ವರ್ತಿಸುತ್ತದೆ. "ಪ್ರೋಟೀನು ಕೆಟ್ಟಿದೆ" ಎಂದು ಪೂರೈಕೆದಾರರಿಗೆ ಬರೆಯುವ ಮುನ್ನ ಈ ಅಂಶವನ್ನು ಪರಿಶೀಲಿಸಬೇಕಾಗಿ ಕೋರಲಾಗಿದೆ.

ಮೂರನೆಯದಾಗಿ, ಬಾಲದ ಒಂದು ಸಣ್ಣ ಭಾಗ ಮಾತ್ರ ಸಾಕಾಗುವ ಪ್ರಯೋಗಗಳಿಗೆ ಕೃತಕವಾಗಿ ತಯಾರಿಸಿದ ಪೆಪ್ಟೈಡ್ ಬಳಸಬಹುದು. ಸ್ನಾತಕೋತ್ತರ ತರಗತಿಗಳ ಪ್ರಾತ್ಯಕ್ಷಿಕೆಗಂತೂ ರೀಕಾಂಬಿನೆಂಟ್ ಹಿಸ್ಟೋನ್ ಅನವಶ್ಯಕ ಎಂಬುದು ಈ ಶಾಖೆಯ ಅಭಿಪ್ರಾಯ. ಕೋಳಿಯ ಕೆಂಪು ರಕ್ತಕಣಗಳಲ್ಲಿ ಕೋಶಕೇಂದ್ರವಿರುವುದರಿಂದ, ಅವುಗಳಿಂದ ದುರ್ಬಲ ಆಮ್ಲ ದ್ರಾವಣ ಬಳಸಿ ವಿದ್ಯಾರ್ಥಿಗಳೇ ಹಿಸ್ಟೋನುಗಳನ್ನು ಬೇರ್ಪಡಿಸಬಹುದು. ಕೊಸೆಲ್ ಅವರು ಮಾಡಿದ್ದೂ ಬಹುಮಟ್ಟಿಗೆ ಇದನ್ನೇ.

ಶುದ್ಧತೆಗೆ ಸಂಬಂಧಿಸಿದಂತೆ, ಪೂರೈಕೆದಾರರಿಂದ ಆಯಾ ತಯಾರಿಕಾ ತಂಡದ ವಿಶ್ಲೇಷಣಾ ಪ್ರಮಾಣಪತ್ರವನ್ನು ಪಡೆಯತಕ್ಕದ್ದು. ಜೆಲ್ ಚಿತ್ರದಲ್ಲಿ ಒಂದೇ ಪಟ್ಟಿ ಕಂಡರೆ ಸಾಲದು, ದ್ರವ್ಯರಾಶಿ ಮಾಪನದ ಫಲಿತಾಂಶವೂ ಇರಬೇಕು. ಹಳೆಯ ಯೂರಿಯಾ ದ್ರಾವಣದಲ್ಲಿ ಉಂಟಾಗುವ ಸಯನೇಟ್, ಲೈಸಿನುಗಳಿಗೆ ಅಂಟಿಕೊಂಡು ಪ್ರತಿ ಅಂಟಿಗೂ 43 ಡಾಲ್ಟನ್‌ನಷ್ಟು ತೂಕವನ್ನು ಹೆಚ್ಚಿಸುತ್ತದೆ. ಜೆಲ್‌ನಲ್ಲಿ ಇದು ತಿಳಿಯುವುದಿಲ್ಲ. ಆದರೆ ಅಸಿಟೈಲ್ ಗುರುತು ಬೀಳಬೇಕಾದ ಜಾಗವನ್ನೇ ಅದು ಆಕ್ರಮಿಸಿರುತ್ತದೆ. ಶುದ್ಧೀಕರಣದ ಅನುಕೂಲಕ್ಕಾಗಿ ಜೋಡಿಸಿದ ಹಿಸ್ಟಿಡಿನ್ ಟ್ಯಾಗ್ ಮುಂತಾದ ಹೆಚ್ಚುವರಿ ಭಾಗಗಳಿವೆಯೆ ಎಂಬುದನ್ನೂ ನೋಡಬೇಕು. ಬಾಲದ ತುದಿಯಲ್ಲಿ ಟ್ಯಾಗ್ ಇರುವ ಹಿಸ್ಟೋನ್, ಬಾಲವನ್ನೇ ಅಭ್ಯಸಿಸುವವರಿಗೆ ತೊಡಕಾಗಬಹುದು.

ಅನುಮತಿಗಳು: ಪ್ರೋಟೀನು ಬೇರೆ, ಜೀವಿ ಬೇರೆ

ಪರಿಸರ (ಸಂರಕ್ಷಣೆ) ಅಧಿನಿಯಮ, 1986ರ ಅಡಿಯಲ್ಲಿ ಕೇಂದ್ರ ಸರ್ಕಾರವು 1989ರ ಡಿಸೆಂಬರ್‌ನಲ್ಲಿ ಅಪಾಯಕಾರಿ ಸೂಕ್ಷ್ಮಜೀವಿಗಳು ಹಾಗೂ ತಳಿ ಮಾರ್ಪಡಿಸಿದ ಜೀವಿಗಳು ಅಥವಾ ಕೋಶಗಳ ತಯಾರಿಕೆ, ಬಳಕೆ, ಆಮದು, ರಫ್ತು ಮತ್ತು ದಾಸ್ತಾನಿಗೆ ಸಂಬಂಧಿಸಿದ ನಿಯಮಗಳನ್ನು ಹೊರಡಿಸಿದೆ. ಸದರಿ ನಿಯಮಗಳು ಅಂತಹ ಜೀವಿಗಳಿಗೆ, ಕೋಶಗಳಿಗೆ ಮತ್ತು ಅಂತಹ ಜೀವಿ ಅಥವಾ ಕೋಶಗಳು ಭಾಗವಾಗಿರುವ ವಸ್ತುಗಳಿಗೆ ಅನ್ವಯಿಸುತ್ತವೆ. ಶುದ್ಧೀಕರಿಸಿದ ಹಿಸ್ಟೋನ್ ಒಂದು ರಾಸಾಯನಿಕ ವಸ್ತು. ಅದು ಬೆಳೆಯುವುದಿಲ್ಲ, ದ್ವಿಗುಣಗೊಳ್ಳುವುದಿಲ್ಲ, ಅದರಲ್ಲಿ ಜೀವಂತ ಕೋಶ ಉಳಿದಿರುವುದಿಲ್ಲ. ಆದುದರಿಂದ ಸಿದ್ಧ ಪ್ರೋಟೀನನ್ನು ಖರೀದಿಸಿ ಪರೀಕ್ಷಾ ನಳಿಕೆಯಲ್ಲಿ ಬಳಸುವುದನ್ನೂ, ಅದನ್ನು ತಯಾರಿಸುವ ಬ್ಯಾಕ್ಟೀರಿಯಾವನ್ನು ತಮ್ಮಲ್ಲಿ ಬೆಳೆಸುವುದನ್ನೂ ಅರ್ಜಿದಾರರು ಒಂದೇ ಎಂದು ಪರಿಗಣಿಸಬಾರದು.

ಎರಡನೆಯ ಪ್ರಕರಣದಲ್ಲಿ, ಅಂದರೆ ಹಿಸ್ಟೋನ್ ವಂಶವಾಹಿಯಿರುವ ಪ್ಲಾಸ್ಮಿಡನ್ನು ಈ. ಕೋಲೈಗೆ ಸೇರಿಸಿ ತಾವೇ ಪ್ರೋಟೀನು ತಯಾರಿಸುವುದಾದಲ್ಲಿ, ಸಂಸ್ಥೆಯಲ್ಲಿ ಸಾಂಸ್ಥಿಕ ಜೈವಿಕ ಸುರಕ್ಷತಾ ಸಮಿತಿ ಇರತಕ್ಕದ್ದು. ಈ ಸಮಿತಿಯಲ್ಲಿ ಕೇಂದ್ರ ಜೈವಿಕ ತಂತ್ರಜ್ಞಾನ ಇಲಾಖೆಯ ನಾಮನಿರ್ದೇಶಿತ ಸದಸ್ಯರಿರುತ್ತಾರೆ. ಸಮಿತಿಯ ನೋಂದಣಿ ಹಾಗೂ ಅರ್ಜಿಗಳನ್ನು ಸದರಿ ಇಲಾಖೆಯ ಭಾರತೀಯ ಜೈವಿಕ ಸುರಕ್ಷತಾ ಜ್ಞಾನ ಪೋರ್ಟಲ್ ಮೂಲಕ ನಿರ್ವಹಿಸಲಾಗುತ್ತದೆ. 2017ರ ಪುನಃಸಂಯೋಜಿತ ಡಿಎನ್‌ಎ ಸಂಶೋಧನೆ ಮತ್ತು ಜೈವಿಕ ನಿಯಂತ್ರಣ ಮಾರ್ಗಸೂಚಿಗಳು ಪ್ರಯೋಗಗಳನ್ನು ಅಪಾಯದ ಮಟ್ಟಕ್ಕೆ ಅನುಗುಣವಾಗಿ ವರ್ಗೀಕರಿಸಿದ್ದು, ಮೊದಲ ವರ್ಗಕ್ಕೆ ಸಮಿತಿಗೆ ಮಾಹಿತಿ ನೀಡುವುದು, ಎರಡನೆಯದಕ್ಕೆ ಸಮಿತಿಯ ಪೂರ್ವಾನುಮತಿ, ಅದಕ್ಕೂ ಮೇಲಿನವುಗಳಿಗೆ ಆರ್‌ಸಿಜಿಎಂ ಎಂದು ಕರೆಯಲಾಗುವ ಕೇಂದ್ರ ಪರಿಶೀಲನಾ ಸಮಿತಿಯ ಅನುಮತಿ ಅಗತ್ಯವಾಗಿರುತ್ತದೆ. ತಮ್ಮ ಪ್ರಯೋಗ ಯಾವ ವರ್ಗಕ್ಕೆ ಸೇರುತ್ತದೆ ಎಂಬುದನ್ನು ಅರ್ಜಿದಾರರು ತಾವೇ ತೀರ್ಮಾನಿಸದೆ ಸಮಿತಿಯ ಲಿಖಿತ ಅಭಿಪ್ರಾಯವನ್ನು ಲಗತ್ತಿಸತಕ್ಕದ್ದು. ಬಳಸಿ ಉಳಿದ ಬ್ಯಾಕ್ಟೀರಿಯಾವನ್ನು ಆಟೋಕ್ಲೇವ್‌ನಲ್ಲಿ ನಿರ್ಜೀವಗೊಳಿಸದೆ ಚರಂಡಿಗೆ ಬಿಡುವಂತಿಲ್ಲ.

ಹಿಸ್ಟೋನನ್ನು ಪ್ರಾಣಿಗಳಿಗೆ ಚುಚ್ಚಿ ಪ್ರಯೋಗ ನಡೆಸುವುದಾದಲ್ಲಿ ಸಾಂಸ್ಥಿಕ ಪ್ರಾಣಿ ನೈತಿಕ ಸಮಿತಿಯ ಅನುಮೋದನೆಯೂ, ರೋಗಿಗಳ ರಕ್ತ ಅಥವಾ ಅಂಗಾಂಶದ ಮಾದರಿಗಳೊಂದಿಗೆ ಬಳಸುವುದಾದಲ್ಲಿ ಆ ಮಾದರಿಗಳ ಕಾರಣಕ್ಕಾಗಿ ನೈತಿಕ ಸಮಿತಿಯ ಅನುಮೋದನೆಯೂ ಬೇಕಾಗುತ್ತದೆ. ಇವು ಹಿಸ್ಟೋನಿನ ಸಲುವಾಗಿ ಅಲ್ಲ ಎಂಬುದನ್ನು ಗಮನಿಸುವುದು.

ಖರೀದಿ, ಆಮದು ಮತ್ತು ದಾಸ್ತಾನು

ಸರ್ಕಾರಿ ಸಂಸ್ಥೆಗಳ ಖರೀದಿಗಳಿಗೆ ಕರ್ನಾಟಕ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಅಧಿನಿಯಮ, 1999 ಅನ್ವಯಿಸುವುದರಿಂದ, ವಸ್ತುವನ್ನು ಕಂಪನಿಯ ಹೆಸರಿನಿಂದಲ್ಲದೆ ಗುಣಲಕ್ಷಣಗಳಿಂದ ವಿವರಿಸುವುದು ಅವಶ್ಯಕ. ದರಪಟ್ಟಿಗಳನ್ನು ಹೋಲಿಸುವಾಗ ಟ್ಯೂಬಿನ ಬೆಲೆಯನ್ನು ನೋಡದೆ ಪ್ರತಿ ಮೈಕ್ರೋಗ್ರಾಮಿನ ಬೆಲೆಯನ್ನು ಲೆಕ್ಕ ಹಾಕಬೇಕು. ನ್ಯೂಕ್ಲಿಯೋಸೋಮಿನ ವಿಷಯದಲ್ಲಿ ಇನ್ನೂ ಒಂದು ಎಚ್ಚರಿಕೆ ಬೇಕು. ಅದರ ತೂಕದಲ್ಲಿ ಸರಿಸುಮಾರು ಅರ್ಧದಷ್ಟು ಡಿಎನ್‌ಎ ಇರುತ್ತದೆ. "50 ಮೈಕ್ರೋಗ್ರಾಮ್" ಎಂದು ಒಬ್ಬ ಪೂರೈಕೆದಾರರು ಪ್ರೋಟೀನಿನ ತೂಕವನ್ನು, ಮತ್ತೊಬ್ಬರು ಎರಡೂ ಸೇರಿದ ತೂಕವನ್ನು ಹೇಳುತ್ತಿದ್ದಲ್ಲಿ ಎರಡನೆಯವರ ಕಡಿಮೆ ದರ ನಿಜವಾಗಿ ಕಡಿಮೆಯಲ್ಲ. ಒಂದು ಪ್ರತಿಕ್ರಿಯೆಗೆ 1 ಮೈಕ್ರೋಗ್ರಾಮ್ ಬೇಕಾಗುವುದಾದರೆ, 96 ಗುಳಿಗಳ ಒಂದು ತಟ್ಟೆಗೆ ಸುಮಾರು 100 ಮೈಕ್ರೋಗ್ರಾಮ್ ಸಾಕು. ಮಿಲಿಗ್ರಾಮುಗಟ್ಟಲೆ ತರಿಸಿ ಫ್ರೀಜರಿನಲ್ಲಿ ಕೆಡಿಸುವ ಬದಲು ಹಂತ ಹಂತವಾಗಿ ತರಿಸುವುದು ಉತ್ತಮ.

ವಿದೇಶದಿಂದ ತರಿಸುವವರು ಸರಕುಪಟ್ಟಿಯಲ್ಲಿ "ಶುದ್ಧೀಕರಿಸಿದ ಪ್ರೋಟೀನು, ಜೀವಂತ ಕೋಶಗಳಿಲ್ಲ, ಸಂಶೋಧನಾ ಬಳಕೆಗೆ ಮಾತ್ರ" ಎಂಬ ವಿವರ ಹಾಗೂ ತಯಾರಿಕೆಗೆ ಬಳಸಿದ ಜೀವಿಯ ಹೆಸರು ಸ್ಪಷ್ಟವಾಗಿರುವಂತೆ ನೋಡಿಕೊಳ್ಳಬೇಕು. ಎಳೆಗರುವಿನ ಥೈಮಸ್‌ನಂತಹ ಪ್ರಾಣಿಮೂಲದ ಸರಕಿನ ಆಮದು ಜಾನುವಾರು ಆಮದು ಅಧಿನಿಯಮ, 1898ರ ವ್ಯಾಪ್ತಿಗೆ ಬರುವುದರಿಂದ, ಅಸ್ಪಷ್ಟ ವಿವರವಿರುವ ಪೆಟ್ಟಿಗೆಯನ್ನು ಸುಂಕದ ಕಟ್ಟೆಯಲ್ಲಿ ತಡೆಹಿಡಿಯುವ ಸಾಧ್ಯತೆ ಇರುತ್ತದೆ. ಪೆಟ್ಟಿಗೆಯಲ್ಲಿರುವ ಒಣ ಮಂಜುಗಡ್ಡೆ ಕೆಲವೇ ದಿನಗಳಲ್ಲಿ ಆವಿಯಾಗಿ ಹೋಗುತ್ತದೆ. ಶುಕ್ರವಾರ ಅಥವಾ ಹಬ್ಬದ ಮುನ್ನಾದಿನ ತಲುಪುವಂತೆ ತರಿಸುವುದನ್ನು ತಪ್ಪಿಸಬೇಕು. ಒಣ ಪುಡಿಯ ರೂಪದ ಬಿಡಿ ಹಿಸ್ಟೋನ್ ಪ್ರಯಾಣದ ವಿಳಂಬವನ್ನು ದ್ರಾವಣಕ್ಕಿಂತ ಹೆಚ್ಚು ಸಹಿಸುತ್ತದೆ.

ಸಂಸ್ಥೆಗೆ ತಲುಪಿದ ದಿನವೇ ದಾಸ್ತಾನು ವಹಿಯಲ್ಲಿ ತಯಾರಿಕಾ ತಂಡದ ಸಂಖ್ಯೆಯೊಂದಿಗೆ ನಮೂದಿಸಿ, ತಯಾರಕರು ಸೂಚಿಸಿದ ತಾಪಮಾನದಲ್ಲಿ ಇರಿಸತಕ್ಕದ್ದು. ದ್ರಾವಣವನ್ನು ಸಣ್ಣ ಸಣ್ಣ ಪಾಲುಗಳಾಗಿ ಹಂಚಿಟ್ಟಲ್ಲಿ ಪದೇ ಪದೇ ಕರಗಿಸಿ ಹೆಪ್ಪುಗಟ್ಟಿಸುವ ಪ್ರಸಂಗ ಬರುವುದಿಲ್ಲ. ಹಿಸ್ಟೋನುಗಳು ಗಾಜು ಮತ್ತು ಪ್ಲಾಸ್ಟಿಕ್‌ಗೆ ಅಂಟಿಕೊಳ್ಳುವ ಸ್ವಭಾವದವು. ಬಹಳ ತೆಳುವಾದ ದ್ರಾವಣದಲ್ಲಿ ಅರ್ಧ ಪ್ರೋಟೀನು ಟ್ಯೂಬಿನ ಗೋಡೆಯಲ್ಲಿಯೇ ಉಳಿಯಬಹುದು. ಈ ನಾಲ್ಕು ಹಿಸ್ಟೋನುಗಳಲ್ಲಿ ಟ್ರಿಪ್ಟೊಫಾನ್ ಇಲ್ಲದಿರುವುದರಿಂದ, ಬೆಳಕಿನ ಹೀರಿಕೆಯನ್ನು ಆಧರಿಸಿ ಪ್ರೋಟೀನು ಅಳೆಯುವ ಸಾಮಾನ್ಯ ಕ್ರಮವು ಇಲ್ಲಿ ತಪ್ಪು ಅಂಕಿ ನೀಡುವ ಸಂಭವವಿದೆ. ಪ್ರಮಾಣ ಕಡಿಮೆ ಬಂದಿದೆ ಎಂದು ದೂರು ಸಲ್ಲಿಸುವ ಮುನ್ನ ಪ್ರಮಾಣಿತ ಹಿಸ್ಟೋನಿನೊಂದಿಗೆ ಜೆಲ್‌ನಲ್ಲಿ ಹೋಲಿಸಿ ನೋಡುವುದು.

ಚಿಕಿತ್ಸೆಗೆ ಅಲ್ಲ

ಕ್ಯಾನ್ಸರ್ ರೋಗಿಗಳ ಕುಟುಂಬದವರು ಹಿಸ್ಟೋನ್ ಸಂಬಂಧಿತ ಔಷಧಗಳ ಸುದ್ದಿಯನ್ನು ಓದಿ, ಈ ಪ್ರೋಟೀನನ್ನು ತರಿಸಿಕೊಳ್ಳಬಹುದೇ ಎಂದು ಕೇಳುವುದಿದೆ. ಅವರ ಸಂಕಟ ಅರ್ಥವಾಗುವಂಥದು. ಆದರೂ ಸ್ಪಷ್ಟವಾಗಿ ತಿಳಿಸಬೇಕಾದ ವಿಷಯವೆಂದರೆ, ಹಿಸ್ಟೋನ್ ಔಷಧವಲ್ಲ. 2006ರಲ್ಲಿ ಅಮೆರಿಕದಲ್ಲಿ ಚರ್ಮದ ಒಂದು ವಿಧದ ಲಿಂಫೋಮಾಗೆ ಅನುಮೋದನೆ ಪಡೆದ ವೊರಿನೊಸ್ಟಾಟ್ ಎಂಬುದು, ಹಿಸ್ಟೋನುಗಳಿಂದ ಅಸಿಟೈಲ್ ಗುರುತನ್ನು ಅಳಿಸುವ ಕಿಣ್ವಗಳನ್ನು ತಡೆಯುವ ಸಣ್ಣ ಅಣು. ಅದನ್ನು ತಜ್ಞ ವೈದ್ಯರು ಮಾತ್ರ ಸೂಚಿಸಬಲ್ಲರು. ಪ್ರಯೋಗಾಲಯದ ಹಿಸ್ಟೋನ್ ಪ್ರೋಟೀನನ್ನು ಶರೀರಕ್ಕೆ ಸೇರಿಸುವುದು ನಿಷ್ಪ್ರಯೋಜಕ ಮಾತ್ರವಲ್ಲ, ಅಪಾಯಕಾರಿ. ಕೋಶದ ಹೊರಗೆ, ರಕ್ತದಲ್ಲಿ ಬಿಡುಗಡೆಯಾದ ಹಿಸ್ಟೋನುಗಳು ರಕ್ತನಾಳಗಳ ಒಳಪದರವನ್ನು ಘಾಸಿಗೊಳಿಸುತ್ತವೆ. ತೀವ್ರ ನಂಜಿನಲ್ಲಿ ಸಾವಿಗೆ ಇವೂ ಕಾರಣವಾಗುತ್ತವೆ ಎಂಬುದನ್ನು 2009ರಲ್ಲಿ ಇಲಿಗಳ ಮೇಲಿನ ಸಂಶೋಧನೆ ತೋರಿಸಿದೆ. "ಸಂಶೋಧನಾ ಬಳಕೆಗೆ ಮಾತ್ರ" ಎಂಬ ಲೇಬಲ್ ಇರುವ ಸರಕು ಚುಚ್ಚುಮದ್ದಿಗೆ ಬೇಕಾದ ನಿರ್ಜೀವಕರಣಕ್ಕೆ ಒಳಗಾಗಿರುವುದಿಲ್ಲ, ಅದರಲ್ಲಿ ಬ್ಯಾಕ್ಟೀರಿಯಾದ ವಿಷಾಂಶಗಳೂ ಉಳಿದಿರಬಹುದು. ಮುರುಗಲು, ಗೇರು ಮುಂತಾದವುಗಳ ಬಗ್ಗೆ ಮೇಲೆ ಹೇಳಿದ ಸಂಶೋಧನೆಗಳೂ ಪ್ರಯೋಗಾಲಯದ ಮಟ್ಟದವು. ಅವುಗಳ ಆಧಾರದ ಮೇಲೆ ನಡೆಯುತ್ತಿರುವ ಚಿಕಿತ್ಸೆಯನ್ನು ನಿಲ್ಲಿಸಬಾರದು.

ಅರ್ಜಿಯಲ್ಲಿ ನಮೂದಿಸಬೇಕಾದ ವಿವರಗಳು

ಬೇಡಿಕೆ ಪಟ್ಟಿಯಲ್ಲಿ ಹಿಸ್ಟೋನಿನ ವರ್ಗ ಮತ್ತು ಪ್ರಭೇದ, ತಯಾರಿಸಿದ ಜೀವಿ, ಗುರುತು ಹಾಗೂ ಟ್ಯಾಗ್ ಇರಬೇಕೆ ಬೇಡವೆ, ಬಿಡಿ ಹಿಸ್ಟೋನ್, ಅಷ್ಟಕ, ನ್ಯೂಕ್ಲಿಯೋಸೋಮ್ ಇವುಗಳ ಪೈಕಿ ಯಾವುದು, ಮೈಕ್ರೋಗ್ರಾಮಿನಲ್ಲಿ ಪ್ರಮಾಣ ಮತ್ತು ಆ ಪ್ರಮಾಣದ ಲೆಕ್ಕಾಚಾರವನ್ನು ನಮೂದಿಸತಕ್ಕದ್ದು. ಮಾದರಿಗಾಗಿ: "ಮಾನವ ಎಚ್3.3, ಈ. ಕೋಲೈಯಲ್ಲಿ ತಯಾರಿಸಿದ್ದು, ಗುರುತು ಮತ್ತು ಟ್ಯಾಗ್ ರಹಿತ, ಒಣ ಪುಡಿ, 100 ಮೈಕ್ರೋಗ್ರಾಮ್, ದ್ರವ್ಯರಾಶಿ ಮಾಪನದ ವರದಿ ಸಹಿತ." ಇದರೊಂದಿಗೆ, ಪ್ರೋಟೀನನ್ನು ಖರೀದಿಸಲಾಗುವುದೇ ಅಥವಾ ಸಂಸ್ಥೆಯಲ್ಲಿಯೇ ತಯಾರಿಸಲಾಗುವುದೇ ಎಂಬುದನ್ನು ಪ್ರತ್ಯೇಕ ಸಾಲಿನಲ್ಲಿ ತಿಳಿಸಬೇಕು. ಸಂಸ್ಥೆಯಲ್ಲಿಯೇ ತಯಾರಿಸುವುದಾದಲ್ಲಿ ಸಾಂಸ್ಥಿಕ ಜೈವಿಕ ಸುರಕ್ಷತಾ ಸಮಿತಿಯ ಪತ್ರದ ದೃಢೀಕೃತ ಪ್ರತಿಯನ್ನು ಲಗತ್ತಿಸುವುದು. ಆಮದು ಸುಂಕದ ದರಗಳು ಕಾಲಕಾಲಕ್ಕೆ ಬದಲಾಗುವುದರಿಂದ, ಅಂದಾಜು ವೆಚ್ಚವನ್ನು ಅರ್ಜಿ ಸಲ್ಲಿಸುವ ದಿನಾಂಕದಂದು ಚಾಲ್ತಿಯಲ್ಲಿರುವ ದರದಂತೆ ತಯಾರಿಸಿ, ದರಪಟ್ಟಿಯ ದಿನಾಂಕವನ್ನೂ ಬರೆಯಬೇಕಾಗಿ ಕೋರಲಾಗಿದೆ.